ಬೈ-ಟೂ ಕಾಫಿ ಗೊತ್ತಿಲ್ಲದ ಊರಿನಲ್ಲಿ: ವಿಂಡೋಸ್ ಆಟಗಳು ಲಿನಕ್ಸ್‌ನಲ್ಲಿ ಓಡುವ ಬಗೆ

ಅಕ್ಕನ ಮಗ ಒಂದು ಭಾನುವಾರ ಲ್ಯಾಪ್‌ಟಾಪನ್ನು ಬಗಲಲ್ಲಿ ಅವುಚಿಕೊಂಡು ಹನುಮಂತನಗರದ ನಮ್ಮ ಮನೆಗೆ ಬಂದ. ಪಿಯುಸಿ ಓದುವ ಹುಡುಗ. ಲ್ಯಾಪ್‌ಟಾಪ್ 2017ರದು, ಅವನಪ್ಪ ಬಳಸಿ ಬಿಟ್ಟದ್ದು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಬರುವುದು 2025ರ ಅಕ್ಟೋಬರ್ 14ಕ್ಕೆ ನಿಂತಿತ್ತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಸಾಮಾನ್ಯವಾಗಿ ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು. ಇದು 7ನೆಯದು. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿದರೆ "ಹೊಸದೇ ತಗೊಂಡ್ಬಿಡಿ" ಅಂದರಂತೆ. ಯಂತ್ರ ಇನ್ನೂ ಗಟ್ಟಿಮುಟ್ಟಾಗಿದೆ, ಸುಮ್ನೆ ಯಾಕೆ ಎಸೆಯಬೇಕು? ವಿಂಡೋಸ್‌ನ ಹಾಗೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಲಿನಕ್ಸ್; ಅದರ ಮಿಂಟ್ ಎಂಬ ರೂಪವನ್ನು ನಾನು ಹಾಕಿಕೊಟ್ಟೆ. ಅರ್ಧ ಗಂಟೆಯ ಕೆಲಸ.

ಹುಡುಗನ ಖುಷಿ ಹತ್ತು ನಿಮಿಷ ಇತ್ತು. ಆಮೇಲೆ ಪೆನ್‌ಡ್ರೈವ್ ಚುಚ್ಚಿ, ಒಂದು ಆಟದ ಸೆಟಪ್ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದ. ಝಿಪ್ ಬಿಚ್ಚುವ ಪ್ರೋಗ್ರಾಮ್ ತೆರೆದುಕೊಂಡಿತು. ಇದನ್ನು ಬಿಚ್ಚಲು ನನಗೆ ಬರುವುದಿಲ್ಲ ಎಂದು ಅದೂ ಕೈಚೆಲ್ಲಿತು.

"ಮಾಮ, ಕಂಪ್ಯೂಟರ್ ಅದೇ. ಫೈಲೂ ಅದೇ. ಮೊನ್ನೆ ಓಡ್ತಿತ್ತು, ಇವತ್ಯಾಕೆ ಓಡಲ್ಲ?"

ಇದಕ್ಕೆ ಸರಿಯಾಗಿ ಉತ್ತರ ಕೊಡಲು ಆ ಫೈಲಿನ ಹೊಟ್ಟೆಯನ್ನೇ ಬಗೆಯಬೇಕು. ಬಗೆದೆವು. ಹೆಕ್ಸ್ ಎಡಿಟರ್ ಎಂಬ ಪ್ರೋಗ್ರಾಮಿನಲ್ಲಿ ತೆರೆದರೆ ಫೈಲಿನ ಒಂದೊಂದು ಬೈಟೂ ಕಾಣುತ್ತದೆ. ಮೊಟ್ಟಮೊದಲ ಎರಡು ಬೈಟುಗಳನ್ನು ಅಕ್ಷರವಾಗಿ ಓದಿದರೆ ಎಂ ಮತ್ತು ಝೆಡ್. ವಿಂಡೋಸಿಗೂ ಮುಂಚಿನ ಡಾಸ್ ಕಾಲದಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ಮಾರ್ಕ್ ಝಿಬಿಕೋವ್‌ಸ್ಕಿ ಎಂಬ ಪ್ರೋಗ್ರಾಮರನ ಇನಿಶಿಯಲ್ ಅವು. ಇವತ್ತು ತಯಾರಾಗುವ ವಿಂಡೋಸ್ ಪ್ರೋಗ್ರಾಮ್ ಕೂಡ ಆ ಎರಡು ಅಕ್ಷರ ಹೊತ್ತುಕೊಂಡೇ ಹುಟ್ಟುತ್ತದೆ. ಪಕ್ಕದಲ್ಲೇ ಒಂದು ಲಿನಕ್ಸ್ ಪ್ರೋಗ್ರಾಮ್ ತೆರೆದು ತೋರಿಸಿದೆ. ಅದರ ಶುರುವಿನಲ್ಲಿ ಒಂದು ವಿಚಿತ್ರ ಬೈಟ್, ಅದರ ಬೆನ್ನಿಗೆ ಇ, ಎಲ್, ಎಫ್. ಲಿನಕ್ಸ್ ಹುಡುಕುವುದು ಈ ಗುರುತನ್ನು. ಅದು ಸಿಗದಿದ್ದರೆ ಇದು ಪ್ರೋಗ್ರಾಮ್ ಎಂದು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಆದರೆ ಇದು ಬರೀ ಹೊದಿಕೆಯ ವಿಷಯ. ಒಳಗೆ ಹೋದರೆ ಎರಡರಲ್ಲೂ ಇರುವುದು ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿಗೆ ಅರ್ಥವಾಗುವ ಒಂದೇ ಭಾಷೆ. ಕೂಡು, ಕಳೆ, ಇಲ್ಲಿಂದ ಎತ್ತಿ ಅಲ್ಲಿ ಇಡು, ಸೊನ್ನೆಯಾಗಿದ್ದರೆ ಆಚೆ ಹಾರು. ಪ್ರೊಸೆಸರಿಗೆ ವಿಂಡೋಸ್ ಗೊತ್ತಿಲ್ಲ, ಲಿನಕ್ಸೂ ಗೊತ್ತಿಲ್ಲ. ಚೆಂಡು ಎಲ್ಲಿ ಪುಟಿಯಬೇಕು, ಗುಂಡು ಯಾರಿಗೆ ತಾಗಿತು ಅಂತ ಆಟ ಹಾಕುವ ಲೆಕ್ಕವೆಲ್ಲ ಲಿನಕ್ಸ್ ಇರುವ ಯಂತ್ರದಲ್ಲೂ ಹಾಗೇ ನಡೆಯುತ್ತದೆ. ಅದರಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ.

ಹಾಗಾದರೆ ತೊಡಕು ಎಲ್ಲಿ? ಆಟ ಏನನ್ನಾದರೂ ಕೇಳುವಾಗ.

ನಮ್ಮ ಊರಿನ ಹೋಟೆಲಿನಲ್ಲಿ "ಒಂದು ಬೈ-ಟೂ" ಅಂದರೆ ಸಾಕು. ಒಂದು ಕಾಫಿ ಎರಡು ಲೋಟದಲ್ಲಿ ಬರುತ್ತದೆ. ಆ ಪದ ಕೇಳಿಯೇ ಇರದ ಊರಿಗೆ ಹೋಗಿ ಅದೇ ಮಾತು ಹೇಳಿ ನೋಡಿ. ಮಾಣಿ ಪಿಳಿಪಿಳಿ ಕಣ್ಣು ಬಿಡುತ್ತಾನೆ. ಅಲ್ಲಿ ಹಾಲು, ಡಿಕಾಕ್ಷನ್, ಲೋಟ ಎಲ್ಲ ಇದೆ. ನಮ್ಮ ನಾಲಿಗೆಗೂ ಏನೂ ಆಗಿಲ್ಲ. ಕೇಳಿದ ಮಾತಿಗೆ ಕೌಂಟರಿನಲ್ಲಿ ಅರ್ಥ ಇಲ್ಲ, ಅಷ್ಟೇ. ಆಟಕ್ಕೂ ಇದೇ ಗತಿ. ಒಂದು ಫೈಲ್ ತೆರೆದುಕೊಡು, ಒಂದು ಕಿಟಕಿ ಬಿಡಿಸು, ಮೌಸ್ ಎಲ್ಲಿದೆ ಹೇಳು, ಈ ಸದ್ದು ಸ್ಪೀಕರಿಗೆ ಕಳಿಸು ಎಂದು ಅದು ಕ್ಷಣಕ್ಷಣಕ್ಕೂ ಆಪರೇಟಿಂಗ್ ಸಿಸ್ಟಮ್ಮನ್ನು ಕೇಳುತ್ತಲೇ ಇರುತ್ತದೆ. ಕೇಳುವುದು ವಿಂಡೋಸ್‌ನವರು ಇಟ್ಟ ಹೆಸರುಗಳಲ್ಲಿ. ಲಿನಕ್ಸ್ ಈ ಎಲ್ಲ ಕೆಲಸವನ್ನೂ ಮಾಡಬಲ್ಲದು, ಆದರೆ ಆ ಹೆಸರುಗಳನ್ನು ಅದು ಕೇಳಿಲ್ಲ.

ಆ ಕೌಂಟರಿನಲ್ಲಿ ನಮ್ಮ ಊರಿನವನೊಬ್ಬನನ್ನು ಕೂರಿಸಿದರೆ? "ಬೈ-ಟೂ" ಅಂದ ತಕ್ಷಣ ಅವನು ಒಳಗೆ ತಿರುಗಿ, ಅಡುಗೆಯವರ ಮಾತಿನಲ್ಲಿ "ಒಂದು ಕಾಫಿ, ಎರಡು ಲೋಟ" ಅನ್ನುತ್ತಾನೆ. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವುದು ವೈನ್. ಈ ಯೋಜನೆ ಶುರುವಾದದ್ದು 1993ರಲ್ಲಿ. ಮರುವರ್ಷದಿಂದ ಇವತ್ತಿನವರೆಗೂ ಅದನ್ನು ಮುನ್ನಡೆಸುತ್ತಿರುವವರು ಅಲೆಕ್ಸಾಂಡ್ರ್ ಜೂಲಿಯಾರ್. 1.0 ಅನ್ನುವ ಮೊದಲ ಪೂರ್ಣ ಆವೃತ್ತಿ ಬಂದದ್ದು 2008ರಲ್ಲಿ, ಅಂದರೆ ಹದಿನೈದು ವರ್ಷದ ಮೇಲೆ. ಇಂಗ್ಲಿಷಿನಲ್ಲಿ ಹೆಸರನ್ನು ಬಿಡಿಸಿದರೆ "ವೈನ್ ಎಮ್ಯುಲೇಟರ್ ಅಲ್ಲ" ಎಂದಾಗುತ್ತದೆ. ಎಮ್ಯುಲೇಟರ್ ಆದರೆ ಇಡೀ ಪ್ರೊಸೆಸರನ್ನೇ ನಟಿಸಿ ತೋರಿಸಬೇಕು, ಅದು ನಿಧಾನ. ವೈನ್ ಪ್ರೊಸೆಸರಿನ ತಂಟೆಗೇ ಹೋಗುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಅಷ್ಟೇ. ನಾನು ಹುಡುಗನಿಗೆ "ಮೊದಲು ವೈನ್ ಹಾಕೋಣ" ಅಂದದ್ದು ಅಡುಗೆಮನೆಯಲ್ಲಿದ್ದ ಅಕ್ಕನ ಕಿವಿಗೆ ಬಿದ್ದು, "ಮಗೂಗೆ ಏನೋ ಹೇಳಿಕೊಡ್ತಿದೀಯ?" ಎಂದು ಸೌಟು ಹಿಡಿದೇ ಬಂದಳು.

ಉತ್ತರ ಕೊಡುವುದು ಅಂದರೆ ಹೇಗೆ ಅನ್ನುವುದನ್ನು ಒಂದೇ ಒಂದು ಪ್ರಶ್ನೆ ಹಿಡಿದು ನೋಡಬಹುದು. ಆಟ "ಸಿ ಡ್ರೈವಿನಲ್ಲಿ ಸೇವ್ ಎಂಬ ಫೋಲ್ಡರಿದೆ, ಅದರಲ್ಲಿರುವ ಫೈಲ್ ಕೊಡು" ಅನ್ನುತ್ತದೆ. ಲಿನಕ್ಸ್‌ನಲ್ಲಿ ಸಿ ಡ್ರೈವ್ ಅನ್ನುವುದೇ ಇಲ್ಲ. ವೈನ್ ನಿಮ್ಮ ಹೋಮ್ ಫೋಲ್ಡರಿನಲ್ಲಿ ಡ್ರೈವ್-ಸಿ ಅಂತ ಒಂದು ಮಾಮೂಲಿ ಫೋಲ್ಡರ್ ಮಾಡಿಟ್ಟುಕೊಂಡಿರುತ್ತದೆ. ಆಟ ಕೇಳಿದಾಗ ಅದನ್ನೇ ಸಿ ಡ್ರೈವ್ ಎಂದು ತೋರಿಸುತ್ತದೆ. ಆಟ ನಂಬುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಫೈಲಿನ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿದೆಯೋ ಸಣ್ಣಕ್ಷರದಲ್ಲಿದೆಯೋ ಅನ್ನುವುದು ವಿಂಡೋಸಿಗೆ ಲೆಕ್ಕಕ್ಕಿಲ್ಲ, ಎರಡೂ ಒಂದೇ. ಲಿನಕ್ಸಿಗೆ ಅವು ಎರಡು ಬೇರೆ ಫೈಲುಗಳು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರದ ರಗಳೆಯೇ ಇಲ್ಲವಾದ್ದರಿಂದ ನಮಗೆ ಇದು ಕ್ಷುಲ್ಲಕ ಅನ್ನಿಸಬಹುದು. ಆದರೆ ಆಟ ಬರೆದವನು ಫೋಲ್ಡರಿಗೆ ಒಂದು ಥರ ಹೆಸರಿಟ್ಟು, ಕೋಡಿನಲ್ಲಿ ಇನ್ನೊಂದು ಥರ ಬರೆದಿರುತ್ತಾನೆ. ವಿಂಡೋಸ್‌ನಲ್ಲಿ ಆ ತಪ್ಪು ಯಾವತ್ತೂ ಹೊರಗೆ ಬರುವುದಿಲ್ಲ. ಇಲ್ಲಿ ವೈನ್ ಹೆಸರು ಸಿಗದಾಗ ಫೋಲ್ಡರಿನ ಒಳಗಿರುವ ಹೆಸರುಗಳನ್ನೆಲ್ಲ ಒಂದೊಂದಾಗಿ ತಡಕಬೇಕು. ಸಾವಿರಾರು ಫೈಲುಗಳಿರುವ ಆಟಕ್ಕೆ ಇದು ಸಣ್ಣ ತಡವಲ್ಲ. ಮುಂದೆ 2019ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ಲಿನಲ್ಲಿ ಫೈಲುಗಳನ್ನು ನೋಡಿಕೊಳ್ಳುವ ಫೈಲ್ ಸಿಸ್ಟಮ್ಮಿಗೇ, ಬೇಕೆಂದ ಫೋಲ್ಡರಿನಲ್ಲಿ ಅಕ್ಷರಭೇದ ಮಾಡದಿರುವ ಸೌಲಭ್ಯ ಸೇರಿತು.

ಇಂಥ ಪ್ರಶ್ನೆಗಳು ಸಾವಿರಾರು ಇವೆ. ವಿಂಡೋಸ್ ಒಳಗಡೆ ಹೇಗೆ ಕೆಲಸ ಮಾಡುತ್ತದೆ ಎಂಬ ಕೋಡ್ ವೈನ್ ಬರೆಯುವವರ ಕೈಯಲ್ಲಿಲ್ಲ. ಸೋರಿಬಂದ ಕೋಡನ್ನು ನೋಡಿದವರನ್ನು ಅವರು ಹತ್ತಿರವೂ ಸೇರಿಸುವುದಿಲ್ಲ, ಕಾನೂನಿನ ಭಯ. ಹಾಗಾಗಿ ಹೊರಗಿನಿಂದ ಕೇಳಿ ನೋಡುವುದು, ಬಂದ ಉತ್ತರ ಬರೆದುಕೊಳ್ಳುವುದು, ಅದೇ ಉತ್ತರ ಕೊಡುವ ಹಾಗೆ ತಾವು ಬರೆಯುವುದು. ವಿಂಡೋಸ್ ಎಲ್ಲಾದರೂ ತಪ್ಪು ಉತ್ತರ ಕೊಡುತ್ತಿದ್ದರೆ ಅದೇ ತಪ್ಪನ್ನು ತಪ್ಪಿಲ್ಲದೆ ನಕಲು ಮಾಡಬೇಕು. ಯಾವುದೋ ಆಟ ಆ ತಪ್ಪನ್ನು ನಂಬಿಕೊಂಡೇ ಓಡುತ್ತಿರುತ್ತದಲ್ಲ!

ಆದರೆ ಆಟ ಅಂದರೆ ಮುಖ್ಯವಾಗಿ ಚಿತ್ರ. ನೋಟ್‌ಪ್ಯಾಡ್ ಓಡಿಸುವ ಥರ ಅಲ್ಲ. ವಿಂಡೋಸ್ ಆಟಗಳಲ್ಲಿ ಹೆಚ್ಚಿನವು ಗ್ರಾಫಿಕ್ಸ್ ಕಾರ್ಡಿನೊಂದಿಗೆ ಮಾತಾಡುವುದು ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಮೂಲಕ. ವೈನ್ ಮೊದಮೊದಲು ಆ ಮಾತನ್ನು ಓಪನ್‌ಜಿಎಲ್ ಎಂಬ ಹಳೆಯ ಭಾಷೆಗೆ ತಿರುಗಿಸುತ್ತಿತ್ತು. ಎರಡರ ಯೋಚನಾಕ್ರಮವೇ ಬೇರೆ. ಅರ್ಥ ಸರಿಹೋದರೂ ವೇಗ ಬರುತ್ತಿರಲಿಲ್ಲ. ಆಟ ಓಡುತ್ತಿತ್ತು, ಎಮ್ಮೆ ಓಡಿದ ಹಾಗೆ.

2016ರಲ್ಲಿ ವಲ್ಕನ್ ಎಂಬ ಹೊಸ ಗ್ರಾಫಿಕ್ಸ್ ಭಾಷೆ ಬಂತು. ಇದು ಕಾರ್ಡಿಗೆ ತುಂಬ ಹತ್ತಿರ. ನಡುವೆ ಹೆಚ್ಚು ಜನ ಕೂತಿರುವುದಿಲ್ಲ. ಅದಾದ ಮೇಲೆ ಫಿಲಿಪ್ ರೆಬೋಲೆ ಎಂಬ ಜರ್ಮನ್ ಪ್ರೋಗ್ರಾಮರ್ "ನಿಯರ್: ಆಟೋಮಾಟಾ" ಎಂಬ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕೆಂದು ಹಟ ಹಿಡಿದು, ಡೈರೆಕ್ಟ್‌ಎಕ್ಸ್ 11ರ ಮಾತನ್ನು ವಲ್ಕನ್ನಿಗೆ ತಿರುಗಿಸುವ ಪದರ ಬರೆಯತೊಡಗಿದರು. ಅದೇ ಡಿಎಕ್ಸ್‌ವಿಕೆ. ಲಿನಕ್ಸ್ ಗೇಮಿಂಗಿನ ಇತಿಹಾಸದಲ್ಲಿ ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಿರುವು ಇಲ್ಲ. ಒಬ್ಬ ಮನುಷ್ಯನ ಒಂದು ಆಟದ ಚಪಲ! ಕೆಲವೇ ತಿಂಗಳಲ್ಲಿ, ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಅವರಿಗೆ ಇದೇ ಕೆಲಸಕ್ಕೆ ಸಂಬಳ ಕೊಡಲು ಶುರುಮಾಡಿತು. ಡೈರೆಕ್ಟ್‌ಎಕ್ಸ್ 12ಕ್ಕೆ ಇಂಥದೇ ಇನ್ನೊಂದು ಪದರ ಇದೆ.

ಇಲ್ಲೊಂದು ಕಿರಿಕಿರಿ ಇದೆ, ಆಡಿದವರಿಗೆಲ್ಲ ಗೊತ್ತು. ನೀರಿನ ಮಿನುಗು, ಹೊಗೆ, ನೆರಳು ಇವನ್ನೆಲ್ಲ ಮೂಡಿಸುವುದು ಶೇಡರ್ ಎಂಬ ಪುಟ್ಟ ಪ್ರೋಗ್ರಾಮುಗಳು. ಇವು ಓಡುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಆಟದಲ್ಲಿ ಬರುವುದು ಡೈರೆಕ್ಟ್‌ಎಕ್ಸ್ ರೂಪದ ಶೇಡರ್. ಅದನ್ನು ವಲ್ಕನ್ ರೂಪಕ್ಕೆ ತಂದು, ಆಮೇಲೆ ನಿಮ್ಮದೇ ಕಾರ್ಡಿನ ಭಾಷೆಗೆ ಇಳಿಸಬೇಕು. ಹೊಸದೊಂದು ಸ್ಫೋಟ ಮೊದಲ ಸಲ ತೆರೆಯ ಮೇಲೆ ಬರುವಾಗ ಈ ಕೆಲಸಕ್ಕೆಂದು ಆಟ ಗಕ್ಕನೆ ನಿಲ್ಲುತ್ತದೆ. ಎರಡನೇ ಸಲ ನಿಲ್ಲುವುದಿಲ್ಲ. ಮೊದಲ ದೋಸೆ ಹಂಚಿಗೆ ಅಂಟಿ, ಉಳಿದವು ಸಲೀಸಾಗಿ ಏಳುವ ಹಾಗೆ. ಸ್ಟೀಮ್ ಇದಕ್ಕೊಂದು ಉಪಾಯ ಮಾಡಿದೆ. ಮೊದಲೇ ಆಡಿದವರಿಂದ ಸಿಕ್ಕ ಶೇಡರುಗಳನ್ನು ಆಟ ಶುರುವಾಗುವ ಮುಂಚೆಯೇ ಇಳಿಸಿ ಸಿದ್ಧಮಾಡಿಕೊಳ್ಳುತ್ತದೆ. ಹಂಚು ಬೇರೆ ಯಾರೋ ಕಾಯಿಸಿಟ್ಟಿರುತ್ತಾರೆ.

ಚಿತ್ರದ ಹಾಗೇ ಇನ್ನೊಂದು ಸೂಕ್ಷ್ಮ ಜಾಗ, ಕಾಯುವುದು. ನಗಬೇಡಿ. ದರ್ಶಿನಿಯಲ್ಲಿ ದೋಸೆ, ವಡೆ, ಕಾಫಿಗೆ ಮೂರು ಟೋಕನ್ ತಗೊಂಡು "ಯಾವುದು ಮೊದಲು ಬಂದರೂ ಕರೀರಿ" ಅನ್ನುತ್ತೀರಿ ಅಲ್ವಾ? ಇಂದಿನ ಆಟಗಳಲ್ಲಿ ಹತ್ತಾರು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಂದು ಇನ್ನೊಂದಕ್ಕೆ ಹೀಗೇ ಕಾಯುತ್ತದೆ. ಹಲವುಗಳಲ್ಲಿ ಯಾವುದಾದರೂ ಒಂದಾದರೆ ಎಬ್ಬಿಸು ಎಂದು ಕೇಳುವ ವಿಧಾನ ವಿಂಡೋಸ್‌ನಲ್ಲಿ ಮೊದಲಿನಿಂದ ಇದೆ. ಲಿನಕ್ಸ್‌ನಲ್ಲಿ ಅದಕ್ಕೆ ಸರಿಸಾಟಿ ಇರಲಿಲ್ಲ. ವೈನ್ ಪ್ರತಿ ಸಲವೂ ಬೇರೊಂದು ಪ್ರೋಗ್ರಾಮಿನ ಬಳಿ ಓಡಿಹೋಗಿ ಕೇಳಿಬರುತ್ತಿತ್ತು. ಸೆಕೆಂಡಿಗೆ ಸಾವಿರಾರು ಸಲ ಹೀಗೆ ಓಡಾಡಿದರೆ ಆಟ ಎಳೆಯುವುದು ಸಹಜ. ಮೊದಲು 2022ರ ಜನವರಿಯಲ್ಲಿ ಬಂದ 5.16 ಕರ್ನಲ್ಲಿನಲ್ಲಿ, ಆಮೇಲೆ 2025ರ 6.14ರಲ್ಲಿ ಇನ್ನೂ ಅಚ್ಚುಕಟ್ಟಾಗಿ, ಇದಕ್ಕೆ ಬೇಕಾದ್ದನ್ನು ಲಿನಕ್ಸ್ ಒಳಗೇ ಸೇರಿಸಿದರು. ಅಂದರೆ ಕೌಂಟರಿನವನು ಸಾಲದೆ, ಅಡುಗೆಮನೆಯೇ ಸ್ವಲ್ಪ ಬದಲಾಯಿತು.

ಇಷ್ಟೆಲ್ಲ ಸರ್ಕಸ್ ಯಾಕೆ, ಆಟದ ಕಂಪನಿಗಳೇ ಲಿನಕ್ಸಿಗೆ ಮಾಡಿಕೊಡಬಾರದಾ ಎಂದು ಕೇಳಿದ ಹುಡುಗ. ಮಾಡಿದ್ದಾರೆ. "ಡೂಮ್" ಆಟವನ್ನು 1994ರಲ್ಲೇ ಅದರ ಕಂಪನಿಯಲ್ಲಿದ್ದ ಡೇವ್ ಟೇಲರ್ ಲಿನಕ್ಸಿಗೆ ತಂದರು. 1998ರಲ್ಲಿ ಹುಟ್ಟಿದ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿಗೆ ಬೇರೆಯವರ ಆಟಗಳನ್ನು ಲಿನಕ್ಸಿಗೆ ತಂದು ಮಾರುವುದೇ ಕಸುಬಾಗಿತ್ತು. 2002ರ ಜನವರಿಗೆ ಬಾಗಿಲು ಹಾಕಿತು. ಆದರೆ ಅಲ್ಲಿದ್ದ ಸ್ಯಾಮ್ ಲ್ಯಾಂಟಿಂಗಾ ಬರೆದ ಎಸ್‌ಡಿಎಲ್ ಎಂಬ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು, ಇವತ್ತಿಗೂ ಲೆಕ್ಕವಿಲ್ಲದಷ್ಟು ಆಟಗಳ ಒಳಗಿದೆ. ಕಿಟಕಿ, ಸದ್ದು, ಕೀಲಿಮಣೆ ಎಲ್ಲವನ್ನೂ ಎಲ್ಲ ಸಿಸ್ಟಮ್ಮುಗಳಲ್ಲೂ ಒಂದೇ ರೀತಿ ಕೇಳುವ ದಾರಿ ಅದು.

ತೊಡಕು ಲೆಕ್ಕಾಚಾರದ್ದು. ಸ್ಟೀಮ್ ತಿಂಗಳು ತಿಂಗಳು ನಡೆಸುವ ಸಮೀಕ್ಷೆಯಲ್ಲಿ ಲಿನಕ್ಸ್ ಬಳಸುವವರ ಪಾಲು ಶೇಕಡಾ 3ನ್ನು ಮೊದಲ ಸಲ ದಾಟಿದ್ದೇ 2025ರ ಅಕ್ಟೋಬರಿನಲ್ಲಿ. ಮೂರು ಜನಕ್ಕಾಗಿ ಇನ್ನೊಂದು ಆವೃತ್ತಿ ಮಾಡಿ, ಪರೀಕ್ಷಿಸಿ, ವರ್ಷಗಟ್ಟಲೆ ದುರಸ್ತಿ ಮಾಡುತ್ತಾ ಕೂರಲು ಯಾವ ಕಂಪನಿ ಒಪ್ಪುತ್ತದೆ? ಒಪ್ಪಿ ಮಾಡಿದವರೂ ಒಮ್ಮೆ ಮಾಡಿ ಮರೆತುಬಿಡುತ್ತಾರೆ. ಮಿಂಟ್‌ನಂಥ ಲಿನಕ್ಸ್ ವಿತರಣೆಗಳಲ್ಲಿನ ಲೈಬ್ರರಿಗಳು ಬದಲಾಗುತ್ತಲೇ ಇರುತ್ತವೆ. ಹತ್ತು ವರ್ಷದ ಹಿಂದಿನ ಅಸಲಿ ಲಿನಕ್ಸ್ ಆವೃತ್ತಿ ಇವತ್ತು ತೆರೆಯದೇ ಹೋಗಬಹುದು. ಅದೇ ಆಟದ ವಿಂಡೋಸ್ ಆವೃತ್ತಿ ವೈನ್ ಮೂಲಕ ಚೆನ್ನಾಗಿ ಓಡಬಹುದು. ಅಸಲಿಗಿಂತ ಅನುವಾದವೇ ಗಟ್ಟಿ! ಲಿನಕ್ಸ್ ಅಭಿಮಾನಿಗಳಿಗೆ ಇದನ್ನು ಕೇಳಲು ಇಷ್ಟವಿಲ್ಲ. ನನಗೂ ಮೊದಲು ಇರಲಿಲ್ಲ.

ವಾಲ್ವ್ ಕೂಡ ಈ ಪಾಠವನ್ನು ಬಿದ್ದೇ ಕಲಿತದ್ದು. ಸ್ಟೀಮ್ 2013ರಲ್ಲಿ ಲಿನಕ್ಸಿಗೆ ಬಂತು. ವಿಂಡೋಸ್ 8ರ ಜೊತೆ ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆದಿತ್ತು. ಇನ್ನೊಬ್ಬರ ಜಾಗದಲ್ಲಿ ಅಂಗಡಿ ಇಟ್ಟವರಿಗೆ ಆಗುವ ಭಯ ವಾಲ್ವ್‌ಗೂ ಆಯಿತು. 2015ರಲ್ಲಿ ಲಿನಕ್ಸ್ ಇರುವ ಸ್ಟೀಮ್ ಮಷೀನುಗಳು ಮಾರುಕಟ್ಟೆಗೆ ಬಂದವು. ಆಡಲು ಆಟಗಳೇ ಸಾಲದು, ಕೊಳ್ಳುವವರಿಲ್ಲ. ಆಗ ದಾರಿ ಬದಲಿಸಿದರು. ಕಂಪನಿಗಳನ್ನು ಗೋಗರೆಯುವುದು ಬಿಟ್ಟು, ವೈನ್, ಡಿಎಕ್ಸ್‌ವಿಕೆ ಮುಂತಾದವನ್ನು ಒಂದೇ ಗಂಟಾಗಿ ಕಟ್ಟಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಎಂಬ ಹೆಸರಲ್ಲಿ ಸ್ಟೀಮ್ ಒಳಗೇ ಇಟ್ಟರು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ನಿಂತಿರುವುದು ಇದರ ಮೇಲೆಯೇ. ಅದನ್ನು ಹಿಡಿದವರಲ್ಲಿ ಎಷ್ಟೋ ಜನಕ್ಕೆ ತಾವು ಲಿನಕ್ಸ್ ಬಳಸುತ್ತಿದ್ದೇವೆ ಅನ್ನುವುದೇ ಗೊತ್ತಿರುವುದಿಲ್ಲ.

ಹುಡುಗನ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಬೇಕಾದದ್ದು ಸ್ಟೀಮ್ ಹಾಕುವುದು, ಅಷ್ಟೇ. ಯಾವ ಆಟ ಓಡುತ್ತದೆ ಅನ್ನುವುದನ್ನು ಪ್ರೋಟಾನ್‌ಡಿಬಿ ಎಂಬ ಜಾಗದಲ್ಲಿ ಆಡಿದವರೇ ಬರೆದಿರುತ್ತಾರೆ. ಪ್ಲಾಟಿನಂ ಅಂದರೆ ಚಿಂತೆಯಿಲ್ಲ, ಗೋಲ್ಡ್ ಅಂದರೆ ಸ್ವಲ್ಪ ತಿಣುಕಾಡಬೇಕು, ಹೀಗೆ ಕೆಳಗಿಳಿಯುತ್ತದೆ. ಮೊದಲ ಆಟ ಒಂದೇ ಏಟಿಗೆ ಓಡಿತು. ಎರಡನೆಯದೂ ಓಡಿತು, ಆದರೆ ಕಥೆ ಹೇಳುವ ವಿಡಿಯೋ ಬರಬೇಕಾದ ಕಡೆ ಉದ್ದುದ್ದ ಬಣ್ಣದ ಪಟ್ಟಿಗಳು ಬಂದವು. ನನಗೆ ಥಟ್ಟನೆ ಹಳೆಯ ದೂರದರ್ಶನ ನೆನಪಾಯಿತು. ಪ್ರಸಾರ ಶುರುವಾಗುವ ಮುಂಚೆ ಬರುತ್ತಿದ್ದ ಪಟ್ಟಿಗಳು ಇವೇ ಅಲ್ವಾ! ಹುಡುಗನಿಗೆ ಅರ್ಥವಾಗಲಿಲ್ಲ. ಕಾರಣ ಇಷ್ಟು: ಕೆಲವು ವಿಡಿಯೋ ಮಾದರಿಗಳ ಮೇಲೆ ಪೇಟೆಂಟ್ ಇದೆ. ಅವನ್ನು ಬಿಚ್ಚಿ ತೋರಿಸುವ ಕೋಡನ್ನು ಪ್ರೋಟಾನ್ ಜೊತೆ ಸುಮ್ಮನೆ ಹಂಚುವ ಹಾಗಿಲ್ಲ. ಹಾಗಾಗಿ ವಾಲ್ವ್ ಆ ವಿಡಿಯೋಗಳನ್ನು ಬೇರೆ ಮಾದರಿಗೆ ಬದಲಿಸಿ ಕಳಿಸುತ್ತದೆ. ಅದು ಬಂದಿರದಿದ್ದರೆ ಪಟ್ಟಿ ಕಾಣುತ್ತದೆ. ಆಟಕ್ಕೇನೂ ತೊಂದರೆಯಿಲ್ಲ.

ಮೂರನೆಯದು ಅವನು ನಿಜವಾಗಿ ಆಡಬೇಕೆಂದಿದ್ದ ಆಟ. ಗೆಳೆಯರೆಲ್ಲ ಸೇರಿ ಆನ್‌ಲೈನ್‌ನಲ್ಲಿ ಆಡುವ ಶೂಟಿಂಗ್ ಆಟ. ಅದು ಓಡಲಿಲ್ಲ. ಓಡುವುದೂ ಇಲ್ಲ.

ಇಲ್ಲಿ ವೈನ್ ಸೋತದ್ದು ಜಾಣತನ ಸಾಲದೆ ಅಲ್ಲ. ಗೋಡೆಯಾಚೆ ಇರುವವರನ್ನು ತೋರಿಸುವ, ತಾನಾಗಿ ಗುರಿ ಇಡುವ ಮೋಸದ ಪ್ರೋಗ್ರಾಮುಗಳು ಇಂಥ ಆಟಗಳಲ್ಲಿ ಜಾಸ್ತಿ. ಅವನ್ನು ಹಿಡಿಯಲು ಆ್ಯಂಟಿ-ಚೀಟ್ ಎಂಬ ಕಾವಲುಗಾರ ಬರುತ್ತಾನೆ. ಅವರಲ್ಲಿ ಕೆಲವರು ವಿಂಡೋಸ್‌ನ ಕರ್ನಲ್ ಒಳಗೇ, ಅಂದರೆ ಸಿಸ್ಟಮ್ಮಿನ ಗರ್ಭಗುಡಿಯಲ್ಲೇ ಕೂರುತ್ತಾರೆ. "ವ್ಯಾಲರಂಟ್" ಆಟದ ವ್ಯಾನ್‌ಗಾರ್ಡ್ ಹಾಗೆ ಕಂಪ್ಯೂಟರ್ ಆನ್ ಆಗುವಾಗಲೇ ಎದ್ದು ಕೂರುವಂಥದ್ದು. ಹೋಟೆಲಿಗೆ ಬಂದ ಇನ್‌ಸ್ಪೆಕ್ಟರ್ ಕೌಂಟರಿನವನ ಮಾತು ಕೇಳದೆ, ಅಡುಗೆಮನೆಗೇ ನುಗ್ಗಿ ಪಾತ್ರೆ ಎತ್ತಿ ನೋಡುತ್ತೇನೆ ಅನ್ನುವ ಹಾಗೆ. ಒಳಗೆ ನೋಡಿದರೆ ಅದು ಅವನಿಗೆ ಗೊತ್ತಿರುವ ಅಡುಗೆಮನೆಯೇ ಅಲ್ಲ. ವೈನ್ ಅಲ್ಲೊಂದು ಸುಳ್ಳು ಅಡುಗೆಮನೆ ಕಟ್ಟಿ ತೋರಿಸಬಹುದಾ? ಹಾಗೆ ತೋರಿಸುವುದನ್ನೇ ಅವನು ಮೋಸ ಅನ್ನುತ್ತಾನೆ.

ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಎರಡು ಹೆಸರಾಂತ ಕಾವಲುಗಾರರು 2021ರಿಂದ ಪ್ರೋಟಾನ್ ಜೊತೆ ಕೆಲಸ ಮಾಡಬಲ್ಲರು. ಆದರೆ ಆಟದ ಕಂಪನಿ ಆ ಸ್ವಿಚ್ ಒತ್ತಬೇಕು. ಈಸಿ ಆ್ಯಂಟಿ-ಚೀಟ್ ಎಪಿಕ್ ಕಂಪನಿಯದೇ. ಆದರೂ ಎಪಿಕ್ ತನ್ನ "ಫೋರ್ಟ್‌ನೈಟ್" ಆಟಕ್ಕೆ ಆ ಸ್ವಿಚ್ ಒತ್ತಲಿಲ್ಲ. "ಏಪೆಕ್ಸ್ ಲೆಜೆಂಡ್ಸ್" ಒತ್ತಿತ್ತು. ಮೋಸಗಾರರು ಲಿನಕ್ಸ್ ದಾರಿಯಲ್ಲಿ ಬರುತ್ತಿದ್ದಾರೆ ಎಂದು 2024ರ ಅಕ್ಟೋಬರಿನಲ್ಲಿ ವಾಪಸ್ ತೆಗೆಯಿತು. ಲಿನಕ್ಸ್‌ನಲ್ಲಿ ಕರ್ನಲ್ಲನ್ನು ಯಾರು ಬೇಕಾದರೂ ತಿದ್ದಿ ಕಟ್ಟಿಕೊಳ್ಳಬಹುದು. ನಮಗೆ ಅದು ಸ್ವಾತಂತ್ರ್ಯ. ಕಾವಲುಗಾರನಿಗೆ ಬೀಗವಿಲ್ಲದ ಹಿಂಬಾಗಿಲು. ಇಬ್ಬರ ಮಾತೂ ನಿಜ. ಆದರೆ ಒಂದು ಆಟಕ್ಕೋಸ್ಕರ ಕಂಪ್ಯೂಟರಿನ ಗರ್ಭಗುಡಿಯ ಬೀಗದ ಕೈ ಕೊಡುವುದು ನನಗಂತೂ ಹಿಡಿಸುವುದಿಲ್ಲ. ಹುಡುಗನಿಗೆ ಹಿಡಿಸುತ್ತದೆ, ಅವನ ಗೆಳೆಯರೆಲ್ಲ ಅಲ್ಲಿದ್ದಾರಲ್ಲ.

ಅವನ ಮುಖ ಬಾಡಿದ್ದು ನೋಡಿ ಬೀರುವಿನಿಂದ ನನ್ನ ಹಳೆಯ ಸಿಡಿ ಒಂದನ್ನು ತೆಗೆದೆ. ತೊಂಬತ್ತರ ದಶಕದ ಆಟ. ಅದರ ಸೆಟಪ್ ಪ್ರೋಗ್ರಾಮ್ 16 ಬಿಟ್ ಎಂಬ ಹಳೆಯ ಮಾದರಿಯದು. 64 ಬಿಟ್ ವಿಂಡೋಸ್ ಅಂಥದ್ದನ್ನು ಮುಟ್ಟುವುದೇ ಇಲ್ಲ. ವೈನ್ ಮುಟ್ಟುತ್ತದೆ. ಪಕ್ಕದ ಮನೆಯಿಂದ ಹೊರಗಿನ ಸಿಡಿ ಡ್ರೈವ್ ಕೇಳಿ ತಂದು ಚುಚ್ಚಿದೆವು. ನೀಲಿ ಬಣ್ಣದ ಇನ್‌ಸ್ಟಾಲ್ ಪರದೆ ಬಂತು, ಇಪ್ಪತ್ತೈದು ವರ್ಷದ ಹಿಂದಿನ ಹಾಗೇ ಪರ್ಸೆಂಟ್ ಏರಿತು. "ಇಷ್ಟು ದೊಡ್ಡ ಚುಕ್ಕೆಗಳಲ್ಲಿ ಹೇಗೆ ಆಡ್ತಿದ್ರಿ ಮಾಮ?" ಅಂದ. ಅಂದರೂ ಊಟಕ್ಕೆ ಕರೆಯುವವರೆಗೆ ಏಳಲಿಲ್ಲ.

ಈಗ ಮನೆಯಲ್ಲಿ ಆ ಲ್ಯಾಪ್‌ಟಾಪಿನಲ್ಲೇ ಆಡುತ್ತಾನೆ. ಆ ಒಂದು ಶೂಟಿಂಗ್ ಆಟಕ್ಕೆ ಮಾತ್ರ ಶನಿವಾರ ಸಂಜೆ ಗೆಳೆಯರ ಜೊತೆ ವಿಜಯನಗರದ ಗೇಮಿಂಗ್ ಸೆಂಟರಿಗೆ ಹೋಗುತ್ತಾನೆ. ಗಂಟೆಗಿಷ್ಟು ಅಂತ ಅಲ್ಲಿ ಕೊಡುವ ದುಡ್ಡು ಅಕ್ಕನಿಗೆ ಗೊತ್ತಿಲ್ಲದ ಹಾಗೆ ನನ್ನ ಜೇಬಿನಿಂದ ಹೋಗುತ್ತದೆ.